ತಟ್ಟಿಯ ಒಳಮೈ

ಸಂಜೆಯಾದರೆ ಸಾಕು, ಅಪ್ಪ ಚಪ್ಪಲಿ ಹುಡುಕುವುದಕ್ಕೆ ಶುರು ಮಾಡುತ್ತಿದ್ದ.

ಮಗಳು ಆ ಚಪ್ಪಲಿಯನ್ನು ಎಲ್ಲೆಲ್ಲೋ ಬಚ್ಚಿಟ್ಟು ನೋಡಿದಳು. ಮಂಚದಡಿ, ಹೊಲಿಗೆ ಮಿಷಿನ್ನಿನ ಹಿಂದೆ, ಒಂದು ಸಲ ಅಕ್ಕಿ ಡಬ್ಬದ ಮೇಲೂ ಇಟ್ಟಳು. ಚಪ್ಪಲಿ ಸಿಗದಿದ್ದರೆ ಅಪ್ಪನಿಗೇನೂ ನಷ್ಟವಿರಲಿಲ್ಲ, ಬರಿಗಾಲಲ್ಲೇ ಹೊರಟುಬಿಡುತ್ತಿದ್ದ. ಎಲ್ಲಿಗೆ ಅಂತ ಕೇಳಿದರೆ ಒಂದೇ ಉತ್ತರ.

"ಅಂಗಡಿ ತೆಗೀಬೇಕು ಕಣೇ ಮೆಣಸಿನಕಾಯಿ. ಜನ ಬಂದು ಕೂತಿರ್ತಾರೆ."

ಮೆಣಸಿನಕಾಯಿ ಅಂದರೆ ಮಗಳು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ಅಂತ ಚಿಕ್ಕಂದಿನಲ್ಲಿ ಅಪ್ಪನೇ ಇಟ್ಟ ಹೆಸರು. ಬೀದಿಯವರಿಗೆ ಅವಳು ಟೈಲರಕ್ಕ. ಪರದೆ, ಸೀಟು ಕವರು, ದಿಂಬಿನ ಗವಸು ಹೊಲಿಯುವವಳು. ವಯಸ್ಸು ಐವತ್ತರ ಹತ್ತಿರ. ಮದುವೆಯ ಮಾತು ತಂದವರನ್ನೆಲ್ಲ ಬೈದು ಬೈದು ಅಟ್ಟಿ ಅಪ್ಪನ ಜೊತೆಗೇ ಉಳಿದುಬಿಟ್ಟಿದ್ದಳು. ಅಪ್ಪ ಈಗ ಒಂದೊಂದಾಗಿ ಎಲ್ಲ ಮರೆಯುತ್ತ ಬಂದಿದ್ದ. ಹೆಂಡತಿ ಸತ್ತದ್ದು ಮರೆತಿದ್ದ, ತಿಂದ ಊಟ ಕೈ ಒಣಗುವ ಮೊದಲೇ ಮರೆಯುತ್ತಿದ್ದ, ಹೆತ್ತ ಮಗನನ್ನು ಒಮ್ಮೊಮ್ಮೆ ವಿಮೆಯವನು ಅಂದುಕೊಂಡು "ಈಗ ಬೇಡಪ್ಪ, ಆಮೇಲೆ ಬಾ" ಅನ್ನುತ್ತಿದ್ದ. ಮೆಣಸಿನಕಾಯಿಯನ್ನು ಮಾತ್ರ ಮರೆತಿರಲಿಲ್ಲ. ಆ ಒಂದು ಕೂಗಿನ ಮೇಲೆ ಅವಳ ಜೀವ ನಿಂತಿತ್ತು. ಇದನ್ನು ಅವಳು ಯಾರ ಮುಂದೂ ಒಪ್ಪುತ್ತಿರಲಿಲ್ಲ, ಕೇಳಿದ್ದರೆ ಕತ್ತರಿ ಎಸೆಯುತ್ತಿದ್ದಳು.

ಅಪ್ಪ ತೆಗೆಯಬೇಕು ಅನ್ನುತ್ತಿದ್ದ ಅಂಗಡಿ ಭೂಮಿಯ ಮೇಲೆಯೇ ಇರಲಿಲ್ಲ. ಕಡಲ ದಂಡೆಯಲ್ಲಿ ಅವನೇ ಪ್ರಾಯದಲ್ಲಿ ಕಟ್ಟಿದ, ರಮ್ಮು ಸೋಡಾ ಮಾರುವ ಬಾರು ಅದು. ಬಿದಿರಿನ ಗಳಗಳ ಮೇಲೆ ತೆಂಗಿನ ಗರಿಯ ಮಾಡು, ಸುತ್ತ ಬಿದಿರು ಸೀಳಿ ಹೆಣೆದ ತಟ್ಟಿ. ಒಳಗೆ ಒಬ್ಬ ಅಪ್ಪ, ಹೊರಗೆ ಬೆಂಚುಗಳ ಮೇಲೆ ಗಿರಾಕಿಗಳು, ನಡುವೆ ಬಿದಿರಿನ ಕೌಂಟರು. ಒಂದು ಆಯಸ್ಸು ಅಲ್ಲೇ ನಿಂತು ಕಳೆದಿದ್ದ. ರಸ್ತೆ ಅಗಲ ಮಾಡುವಾಗ ಜೆಸಿಬಿಯವರು ಬಂದು, ಟೀ ಕುಡಿಯುವಷ್ಟು ಹೊತ್ತಿನಲ್ಲಿ ನೆಲಸಮ ಮಾಡಿ ಹೋದರು. ಈಗ ಆ ಜಾಗದಲ್ಲಿ ಲಾರಿಗಳು ಓಡುತ್ತವೆ. ಅಪ್ಪ ದಿನಾ ಸಂಜೆ ಹೋಗಿ ನಿಲ್ಲುತ್ತಿದ್ದದ್ದು ಆ ರಸ್ತೆಯ ನಟ್ಟನಡುವೆ, ಜೇಬಿನಲ್ಲಿ ಇಲ್ಲದ ಬೀಗದ ಕೈ ತಡಕಾಡುತ್ತ.

ಒಂದು ದಿನ ಲಾರಿಯವನೊಬ್ಬ ಬ್ರೇಕು ಒತ್ತಿ, ಅಪ್ಪನ ರಟ್ಟೆ ಹಿಡಿದು ಮನೆಯವರೆಗೂ ಎಳೆದು ತಂದ. "ಮುದುಕನ್ನ ಸಾಯಿಸ್ಬೇಕು ಅಂತಿದ್ರೆ ನೀವೇ ಸಾಯ್ಸಿ, ನನ್ನ ಗಾಡಿ ಯಾಕೆ?" ಅಂದು ಹೋದ. ಟೈಲರಕ್ಕ ಬೈಯದೆ ಅಪ್ಪನ ಕೈ ಹಿಡಿದು ಒಳಗೆ ಕರೆದುಕೊಂಡಳು. 

ಸುದ್ದಿ ಕೇಳಿ ತಮ್ಮ ಬಂದ. ಔಷಧಿ ಕಂಪನಿಯಲ್ಲಿ ಮ್ಯಾನೇಜರು. ಇಸ್ತ್ರಿ ಮುರಿಯದ ಹಾಗೆ ಕೂರುವ ಜಾತಿಯವನು.

"ಅಕ್ಕ, ನಾನು ಮೊದ್ಲೇ ಹೇಳಿದ್ದೆ. ಆ ವೃದ್ಧಾಶ್ರಮ ಚೆನ್ನಾಗಿದೆ. ದೊಡ್ಡ ಗೇಟು, ಕಾವಲಿನವನು, ಎಲ್ಲಾ ಇದೆ."

"ಗೇಟು ಇದೆ ಅಂತ ಚೆನ್ನಾಗಿದೆಯಾ? ಜೈಲಿಗೂ ಗೇಟಿದೆ ಕಣೋ."

"ನೀನೂ ಬೀಗ ಹಾಕಿದ್ಯಲ್ಲ?"

"ಒಂದೇ ದಿನ ಹಾಕಿದ್ದು. ಬಾಗಿಲು ಗುದ್ದಿ ಗುದ್ದಿ ಕೈ ಬಾತುಕೊಂಡಿತ್ತು ಅಪ್ಪಂಗೆ. ನೀನು ನೋಡಿದ್ಯಾ ಆ ಕೈನ? ಎಣ್ಣೆ ಹಚ್ಚಿದೋಳು ನಾನು."

ತಮ್ಮ ಕನ್ನಡಕ ಒರೆಸಿಕೊಂಡ. ಕೆಟ್ಟವನಲ್ಲ, ಹೆದರಿದ್ದ. "ಇನ್ನೊಂದ್ ಸಲ ಅಪ್ಪ ಆ ರೋಡಿಗೆ ಹೋದ್ರೆ ನಾನು ಕೇಳಲ್ಲ ಅಕ್ಕ. ಗಾಡಿ ತರ್ತೀನಿ. ನೀನು ಬೈದ್ರೂ ಅಷ್ಟೆ, ಹೊಡೆದ್ರೂ ಅಷ್ಟೆ."

ಅವನು ಹೋದ ಮೇಲೆ ಟೈಲರಕ್ಕ ಗೋಡೆಯ ಮೇಲಿನ ಫೋಟೋ ನೋಡುತ್ತ ಕೂತಳು. ಬಾರಿನದು ಉಳಿದಿದ್ದ ಒಂದೇ ಫೋಟೋ ಅದು, ಯಾರೋ ಗಿರಾಕಿ ತೆಗೆದುಕೊಟ್ಟದ್ದು. ಎದುರಿಗೆ ಫಳಫಳ ಹೊಳೆಯುವ ತಟ್ಟಿ, ಗರಿಯ ಜಾಲರಿ, ಕೌಂಟರಿನ ಹಿಂದೆ ನಗುವ ಅಪ್ಪ. ನೋಡುತ್ತ ನೋಡುತ್ತ ಅವಳಿಗೆ ಅನ್ನಿಸಿತು: ಇವನಿಗೆ ಅಂಗಡಿಗೆ ಹೋಗಬೇಕು ತಾನೆ? ಅಂಗಡಿಯೇ ಮನೆಗೆ ಬರಲಿ. ಬಟ್ಟೆಯ ಥಾನು ತುಂಬಿದ ಹಿಂದಿನ ಕೋಣೆ ಇದೆಯಲ್ಲ!

ಮಾರನೆಯ ದಿನವೇ ಬಿದಿರು ಕೆಲಸದವನನ್ನು ಕರೆಸಿದಳು. ಉದ್ದಕ್ಕೆ, ಸಣ್ಣಕ್ಕೆ, ನಡುವೆ ಎರಡು ಕಡೆ ಗಂಟು ಬಿದ್ದ ಹಾಗೆ ಇದ್ದುದರಿಂದ ಅವನನ್ನು ಎಲ್ಲರೂ ಗಳ ಅಂತಲೇ ಕರೆಯುತ್ತಿದ್ದರು.

"ಮನೇಲಿ ಬಾರಾ?" ಗಳ ಕಣ್ಣು ಅಗಲಿಸಿದ. "ಏನಕ್ಕ, ಕುಡಿಯೋಕೆ ಶುರು ಮಾಡ್ಕೊಂಡ್ಯಾ?"

"ಮಾಡ್ಕೊಂಡಿಲ್ಲ. ನಿನ್ನ ಹತ್ರ ಮಾತಾಡಿದ ಮೇಲೆ ಮಾಡ್ಕೋಬೇಕು. ಬಾಯಿ ಮುಚ್ಕೊಂಡು ಅಳತೆ ತಗೋ."

"ಟೇಪು ನಿನ್ನ ಕುತ್ತಿಗೇಲಿದೆ. ಕೊಟ್ರೆ ತಗೋತೀನಿ."

ಫೋಟೋ ಕೈಗೆ ಕೊಟ್ಟು, ಇದರಲ್ಲಿ ಇದ್ದದ್ದು ಇದ್ದ ಹಾಗೆ ಬರಬೇಕು, ಒಂದು ಗಂಟು ಆಚೆ ಈಚೆ ಆದರೂ ಕಿತ್ತು ಹಾಕುತ್ತೇನೆ ಅಂದಳು. ಗಳ ಅಂಗಳದಲ್ಲಿ ಬಿದಿರು ಸೀಳಿದ. ಸೀಳನ್ನು ತೊಟ್ಟಿಯ ನೀರಲ್ಲಿ ನೆನೆಹಾಕಿ, ಬಳುಕುವ ಹದಕ್ಕೆ ಬಂದ ಮೇಲೆ ಎರಡು ಮೇಲೆ ಎರಡು ಕೆಳಗೆ ಹಾಕಿ ತಟ್ಟಿ ಹೆಣೆದ. ಬಿದಿರಿನ ಸಿಪ್ಪೆಯ ಮೈ ಹೊಳೆಯುತ್ತದೆ, ಒಳಮೈ ಸಪ್ಪೆ, ದೊರಗು. ಹೊಳೆಯುವ ಮೈ ಕಣ್ಣಿಗೆ ಕಾಣುವ ಹಾಗೆ ಗೋಡೆಗಳಿಗೆ ತಟ್ಟಿ ಹೊಡೆದ. ಗಳಗಳಿಗೆ ಬೆಂಕಿಯ ಶಾಖ ಕೊಟ್ಟು ಬಟ್ಟೆಯಲ್ಲಿ ಉಜ್ಜಿ ಜೇನಿನ ಬಣ್ಣ ಬರಿಸಿದ. ಕೌಂಟರಿನ ಎದುರಿಗೆ ತಟ್ಟಿ, ಅದರ ಅಂಚಿಗೆ ಅರ್ಧ ಸೀಳಿದ ಬಿದಿರು, ಮೂಲೆಗಳಿಗೆ ನಾರಿನ ಹಗ್ಗದ ಕಟ್ಟು, ಮೇಲೆ ಗರಿಯ ಜಾಲರಿ. ಟೈಲರಕ್ಕ ಸುಮ್ಮನೆ ಕೂರುತ್ತಾಳೆಯೆ? ಕೌಂಟರಿನ ಒಳಬದಿಗೆ ಹೋಗಿ ನೋಡಿದರೆ ಮೊಳೆಯ ಮೊನೆ, ಸೀಳಿನ ತುದಿ, ತಂತಿಯ ಗಂಟು, ಎಲ್ಲ ಹಲ್ಲು ಕಿರಿಯುತ್ತಿದ್ದವು. ಒಳಹೊಲಿಗೆ ಕಾಣುವ ಹಾಗೆ ಅವಳು ಜನ್ಮದಲ್ಲಿ ಒಂದು ಗವಸು ಹೊಲಿದವಳಲ್ಲ. ಹಸಿರು ಎಲೆಯ ಬಟ್ಟೆ ಆರಿಸಿ, ಚಂದವಾದ ಲೈನಿಂಗು ಹೊಲಿದು, ಒಳಬದಿಯನ್ನು ಪೂರ್ತಿ ಮುಚ್ಚಿಬಿಟ್ಟಳು.

"ಅಪ್ಪನ ಬಾರಲ್ಲಿ ಲೈನಿಂಗ್ ಇತ್ತಾ ಅಕ್ಕ?"

"ಇರ್ಲಿಲ್ಲ. ಆಗ ನಾನು ಹೊಲಿಗೆ ಕಲ್ತಿರ್ಲಿಲ್ಲ. ನಿನಗೇನು ಕಷ್ಟ?"

ಹಳೆಯ ರಮ್ಮಿನ ಬಾಟಲಿಗಳಲ್ಲಿ ಟೀ ಡಿಕಾಕ್ಷನ್ ತುಂಬಿ ಸಾಲಾಗಿ ಜೋಡಿಸಿದಳು. ನೋಡಿದವರು ಮೂಗಿನ ಮೇಲೆ ಬೆರಳಿಡಬೇಕು, ಹಾಗಿತ್ತು. ಫೋಟೋ ಹಿಡಿದು ಪಕ್ಕದಲ್ಲಿ ನಿಂತರೆ ಅದಕ್ಕೂ ಇದಕ್ಕೂ ಅಪ್ಪನೊಬ್ಬನೇ ಕಡಿಮೆ.

ಶನಿವಾರ ಸಂಜೆ ತಮ್ಮನನ್ನೂ ಕರೆದಳು. ಅಪ್ಪ ಚಪ್ಪಲಿ ಹುಡುಕುವ ಹೊತ್ತಿಗೆ ಕೈ ಹಿಡಿದು ಕೋಣೆಯ ಬಾಗಿಲು ತೆಗೆದಳು. "ನೋಡಪ್ಪ, ನಿನ್ನ ಅಂಗಡಿ."

ಅಪ್ಪ ಹೊಸ್ತಿಲಲ್ಲಿ ನಿಂತ. ಸುತ್ತ ನೋಡಿದ. ತಟ್ಟಿಯ ಮೇಲೆ ಅಂಗೈ ಸವರಿದ. ಆಮೇಲೆ ನಿಧಾನವಾಗಿ ನಡೆದು ಹೋಗಿ ಗಿರಾಕಿಗಳ ಬೆಂಚಿನ ಮೇಲೆ, ಅಂಚಿನಲ್ಲಿ, ಬೇರೆಯವರ ಮನೆಗೆ ಬಂದವನ ಹಾಗೆ ಕೂತ.

"ಚೆನ್ನಾಗಿ ಮಾಡಿದ್ದಾರೆ," ಅಂದ. "ಹೊಸ ಅಂಗಡಿ. ಓನರು ಎಲ್ಲಿ?"

"ನೀನೇ ಅಪ್ಪ ಓನರು. ಒಳಗೆ ಹೋಗಿ ನಿಂತ್ಕೋ."

"ಛೆ, ಛೆ. ಬೇರೆಯವರ ಕೌಂಟರಿಗೆ ನುಗ್ತಾರೇನೇ? ನಮ್ಮ ಕಸುಬಲ್ಲಿ ಅದು ತಪ್ಪು. ಒಂದು ಲಿಂಬು ಸೋಡಾ ಹೇಳು ಬೇಕಾದ್ರೆ. ಕುಡಿದು ಹೋಗೋಣ."

ಟೈಲರಕ್ಕ ಅಡುಗೆಮನೆಗೆ ಹೋಗಿ ಲಿಂಬೆಹಣ್ಣು ಹಿಂಡತೊಡಗಿದಳು.  ತಮ್ಮನಿಗೆ ಫೋನು ಬಂತು, ಅಂಗಳಕ್ಕಿಳಿದ. ಲೋಟ ಹಿಡಿದು ಬಂದರೆ ಬೆಂಚು ಖಾಲಿ.

ರಸ್ತೆಯ ಅಂಚಿನಲ್ಲಿ ಅಪ್ಪ ಸಿಕ್ಕ, ಬಿದ್ದು ಮೊಣಕಾಲು ತರಚಿಕೊಂಡು. ಮಗಳನ್ನು ಕಂಡು ನಕ್ಕ. "ಅವರ ಅಂಗಡಿ ಚೆನ್ನಾಗಿದೆ ಮೆಣಸಿನಕಾಯಿ. ನಮ್ಮದು ತೆಗೀದೆ ಇದ್ರೆ ಗಿರಾಕಿಗಳೆಲ್ಲ ಅಲ್ಲಿಗೆ ಹೋಗ್ಬಿಡ್ತಾರೆ."

ಗಾಯ ತೊಳೆಯುವಾಗ ತಮ್ಮ ಬಾಗಿಲಲ್ಲಿ ನಿಂತಿದ್ದ. "ಮುಂದಿನ ಭಾನುವಾರ ಬರ್ತೀನಿ ಅಕ್ಕ. ಅಪ್ಪನ ಬಟ್ಟೆ ಜೋಡಿಸಿಡು," ಅಂದ. ಅವಳು ಬೈಯದೆ ಗಾಯಕ್ಕೆ ಅರಿಶಿನ ಒತ್ತಿದಳು. 

ಬೆಳಗಾದ ಮೇಲೆ ಕೋಪ ಬಂತು, ತಡವಾಗಿ, ಬಡ್ಡಿ ಸಮೇತ. ಯಾರ ಮೇಲೆ ತೀರಿಸುವುದು? ಇಕ್ಕಳ ತೆಗೆದುಕೊಂಡು ಹಿಂದಿನ ಕೋಣೆಗೆ ನುಗ್ಗಿದಳು. ಇಷ್ಟೆಲ್ಲ ಮಾಡಿಸಿದೆನಲ್ಲ, ಪೆದ್ದಿ, ಕಿತ್ತು ಒಲೆಗೆ ಹಾಕುತ್ತೇನೆ ಅಂತ ಕೌಂಟರಿನ ಹಿಂದೆ ಹೋಗಿ ಕುಕ್ಕರಗಾಲಲ್ಲಿ ಕೂತು, ಮೊಳೆಗೆ ಇಕ್ಕಳ ತಾಗಲಿ ಅಂತ ಆ ಹಸಿರು ಲೈನಿಂಗನ್ನು ಎರಡೂ ಕೈಯಲ್ಲಿ ಹಿಡಿದು ಪರ್ರನೆ ಹರಿದಳು.

ಹರಿದು ಹಾಗೇ ಕೂತುಬಿಟ್ಟಳು.

ಕಣ್ಣೆದುರಿಗೆ ತಟ್ಟಿಯ ಒಳಮೈ ಇತ್ತು. ಸಪ್ಪೆ ಬಣ್ಣ, ಚಾಚಿಕೊಂಡ ಸೀಳಿನ ತುದಿಗಳು, ಬಗ್ಗಿಸಿ ಬಡಿದ ಮೊಳೆಗಳು. ಮೂಗಿಗೆ ಹಸಿ ಬಿದಿರಿನ ವಾಸನೆ ಬಡಿಯಿತು. ಇದನ್ನು ಅವಳು ನೋಡಿದ್ದಳು, ಇಷ್ಟೇ ಎತ್ತರದಿಂದ! ಸ್ಕೂಲು ಬಿಟ್ಟ ಮೇಲೆ ಅವಳು ನೇರ ಅಂಗಡಿಗೆ ಹೋಗುತ್ತಿದ್ದದ್ದು. ಕೌಂಟರಿನ ಒಳಗೆ, ಅಪ್ಪನ ಕಾಲ ಬುಡದಲ್ಲಿ, ಸೋಡಾ ಬಾಟಲಿಯ ಕ್ರೇಟು ಬೋರಲು ಹಾಕಿ ಕೂರಿಸುತ್ತಿದ್ದ. ಅಲ್ಲೇ ಮಗ್ಗಿ, ಅಲ್ಲೇ ಕಾಪಿ. ಬೇಸರ ಬಂದರೆ ಸೀಳಿನ ತುದಿ ಮುರಿದು ಹಲ್ಲಿಗೆ ಚುಚ್ಚಿಕೊಳ್ಳುವುದು, ಅಪ್ಪ ತಲೆಗೆ ಮೊಟಕುವುದು. ಆ ಅಂಗಡಿಯ ಹೊಳೆಯುವ ಮೈ ದಾರಿಹೋಕರಿಗೆ, ಗಿರಾಕಿಗಳಿಗೆ, ಫೋಟೋದವನಿಗೆ. ತಟ್ಟಿಗಳನ್ನು ಹೊರಮುಖ ಮಾಡಿ ಹೊಡೆದಿದ್ದರು. ಅಪ್ಪ ಆಯಸ್ಸಿಡೀ ನೋಡಿದ್ದು ಈ ದೊರಗು ಬೆನ್ನನ್ನು, ನಿಂತ ಗಳಗಳನ್ನು, ತಂತಿಯ ಗಂಟುಗಳನ್ನು. ಅವನ ಅಂಗಡಿ ಇದು. ತಾನು ಗಿರಾಕಿಗಳ ಅಂಗಡಿ ಕಟ್ಟಿ ಅಪ್ಪನನ್ನು ಗಿರಾಕಿ ಮಾಡಿ ಕೂರಿಸಿದ್ದಳು. ಬಟ್ಟೆಯ ಮೇಲುಮೈ ಹೊರಗೆ ಮಾಡಿ ಮಾಡಿ ಕೈಗೂ ತಲೆಗೂ ಅದೇ ಅಭ್ಯಾಸವಾಗಿಬಿಟ್ಟಿತ್ತು.

ಗಳನಿಗೆ ಮತ್ತೆ ಬುಲಾವು ಹೋಯಿತು.

"ಉಲ್ಟಾ ಹೊಡೀಬೇಕಾ? ಅಕ್ಕ, ನೋಡಿದೋರು ಇವನು ಕುಡಿದು ಕೆಲಸ ಮಾಡಿದ್ದಾನೆ ಅಂತಾರೆ."

"ಬಾರು ತಾನೆ? ಅನ್ಲಿ ಬಿಡು."

"ಹೊಳಪಿನ ಮೈ ಗೋಡೆಗೆ ಹಾಕಿ ಯಾರಿಗೆ ತೋರ್ಸೋದು? ಹಲ್ಲಿಗಾ?"

"ಹೌದು ಕಣೋ, ಹಲ್ಲಿಗೇ. ಹೊಡಿ ಈಗ."

ಗಳ ಗೊಣಗುತ್ತಲೇ ಗೋಡೆಯ ತಟ್ಟಿಗಳನ್ನೆಲ್ಲ ಬಿಚ್ಚಿ ತಿರುಗಿಸಿದ. ಮೇಲೆ ಗಳಗಳನ್ನು ನಿಲ್ಲಿಸಿ ತಂತಿಯಲ್ಲಿ ಬಿಗಿದ. ತಂತಿಯ ತುದಿ ಮಡಿಸಹೋದರೆ ಅವಳು ಕೈ ಹಿಡಿದಳು. ಮಡಿಸಬೇಡ, ಹಾಗೇ ಬಿಡು ಅಂದಳು. ಅವಳು ಕಣ್ಣು ಮುಚ್ಚಿ ಕೌಂಟರಿನ ಹಿಂದೆ ಕೂತು ಒಂದೊಂದೇ ನೆನಪು ಹೆಕ್ಕಿದಳು. ಎಡಗಡೆಯ ಗಳಕ್ಕೆ ಒಂದು ಮೊಳೆ, ಅದಕ್ಕೆ ಟವೆಲ್ಲು. ಕೌಂಟರಿನಡಿ ಹುರಿಗೆ ಕಟ್ಟಿ ಇಳಿಬಿಟ್ಟ ಓಪನರು. ಬಲಗಡೆ ಐಸಿನ ಪೆಟ್ಟಿಗೆ. ಕಾಲ ಬುಡದಲ್ಲಿ ಬೋರಲು ಕ್ರೇಟು. ಕಡಲನ್ನು ಎಲ್ಲಿಂದ ತರುವುದು? ಎದುರಿನ ಕಿಟಕಿ ಪೂರ್ತಿ ತೆಗೆದಿಟ್ಟಳು, ಗಾಳಿಯಾದರೂ ಬರಲಿ ಅಂತ.

ಗುರುವಾರ ಸಂಜೆ ಅಪ್ಪ ಚಪ್ಪಲಿ ಹುಡುಕುವ ಹೊತ್ತಿಗೆ ಅವಳು ಏನೂ ತೋರಿಸಲಿಲ್ಲ. ಕೌಂಟರಿನ ಒಳಬದಿಗೆ ಹೊಂದಿಕೊಂಡಿದ್ದ ಪಕ್ಕದ ಬಾಗಿಲು ತೆಗೆದು, "ಅಪ್ಪ, ಅಂಗಡಿಗೆ ಹೊತ್ತಾಯ್ತು," ಅಂದಳು ಅಷ್ಟೆ.

ಅಪ್ಪ ಒಳಗೆ ಕಾಲಿಟ್ಟ. ನೋಡಲಿಲ್ಲ, ನಿಲ್ಲಲಿಲ್ಲ. ಕಣ್ಣು ಎತ್ತದೆಯೇ ಎಡಗೈ ಗಳದ ಮೊಳೆಗೆ ಹೋಯಿತು, ಟವೆಲ್ಲು ಹೆಗಲಿಗೆ ಬಂತು. ಬಲಗೈ ಕೌಂಟರಿನಡಿಗೆ ಹೋಗಿ ಓಪನರನ್ನು ಒಮ್ಮೆ ತೂಗಿಸಿ ಬಿಟ್ಟಿತು. ಕ್ರೇಟಿಗೆ ಎಡವದೆ ಅದನ್ನು ಬಳಸಿ ನಿಂತ. ಕೌಂಟರು ಒರೆಸತೊಡಗಿದ, ಉದ್ದಕ್ಕೆ, ಮತ್ತೆ ಅಡ್ಡಕ್ಕೆ. ಬೆನ್ನು ನೆಟ್ಟಗಾಯಿತು. ಮುಖದಲ್ಲಿ ಇದ್ದ ಆ ಕಳೆದುಹೋದ ಭಾವ ಒರೆಸಿಕೊಂಡು ಹೋದ ಹಾಗೆ ಹೋಯಿತು. ಬಾಯಲ್ಲಿ ಸಣ್ಣಗೆ ಸೀಟಿ.

ಟೈಲರಕ್ಕನಿಗೆ ಗೆದ್ದೆ ಅನ್ನಿಸಿತು. ಸುತ್ತಿ ಬಂದು ಎದುರಿನ ಬಾಗಿಲಿಂದ ಕೋಣೆಯೊಳಗೆ ಬಂದು, "ಅಪ್ಪಾ..." ಅಂದಳು.

ಅಪ್ಪ ತಲೆ ಎತ್ತಿದ. ಬಾಯಿ ತುಂಬ ನಕ್ಕ.

"ಬನ್ನಿ, ಬನ್ನಿ. ಕೂತ್ಕೊಳ್ಳಿ. ಏನು ಕೊಡ್ಲಿ ನಿಮಗೆ?"

ಹುಟ್ಟಿದಾಗಿನಿಂದ ಆ ಬಾಯಿಂದ ಅವಳು "ಬಾರೇ, ಹೋಗೇ" ಬಿಟ್ಟು ಬೇರೆ ಕೇಳಿರಲಿಲ್ಲ.

"ನಾನು ಅಪ್ಪ. ಮೆಣಸಿನಕಾಯಿ."

"ಹುರಿದ ಕಡಲೆಬೀಜಕ್ಕೆ ಮೆಣಸು ಹಾಕಿ ಕೊಡ್ತೀನಿ, ಬೇಕಾ?"

ಅವಳು ಕೌಂಟರು ಸುತ್ತಿ ಒಳಗೆ ಹೋದಳು. ಆ ಕ್ರೇಟಿನ ಮೇಲೆ ಕೂತುಬಿಟ್ಟರೆ, ಅವನ ಕಾಲ ಬುಡದಿಂದ ತಲೆ ಎತ್ತಿ ನೋಡಿದರೆ, ಗುರುತು ಸಿಕ್ಕೀತು ಅನ್ನಿಸಿತು. ಕೂರುವ ಮೊದಲೇ ಅಪ್ಪ ಕೈ ಅಡ್ಡ ಹಿಡಿದ. ಒರಟಾಗಿ ಅಲ್ಲ, ಗಿರಾಕಿಗೆ ಹೇಳುವ ಹಾಗೆ.

"ತಪ್ಪು ತಿಳ್ಕೋಬೇಡಿ ಅಮ್ಮ. ಒಳಗೆ ಯಾರನ್ನೂ ಬಿಡಲ್ಲ ನಾನು. ಅದು ನನ್ನ ಮಗಳು ಕೂರೋ ಜಾಗ. ಸ್ಕೂಲು ಬಿಡೋ ಹೊತ್ತಾಯ್ತು, ಬರ್ತಾಳೆ. ಬೇರೆಯವರು ಕೂತಿದ್ರೆ ರಂಪ ಮಾಡ್ತಾಳೆ."

ಟೈಲರಕ್ಕ ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಲಿಂಬು ಸೋಡಾ ಅಂದಳು. ಅಪ್ಪ ಮಾಡಿಕೊಟ್ಟ. ಉಪ್ಪು ಸರಿಯಾಗಿತ್ತು.

ದೀಪ ಹಚ್ಚುವ ಹೊತ್ತು ಕಳೆದ ಮೇಲೆ ಅಪ್ಪ ತಾನಾಗಿಯೇ ಟವೆಲ್ಲು ಮೊಳೆಗೆ ಹಾಕಿ, ಪಕ್ಕದ ಬಾಗಿಲಿಂದ ಮನೆಯೊಳಗೆ ನಡೆದ. ಮಂಚದ ಮೇಲೆ ಕೂತು, ಅವಳನ್ನು ಯಾರೋ ಊಟ ತಂದವಳು ಅನ್ನುವ ಹಾಗೆ ನೋಡಿ, ತಿಂದು ಮಲಗಿದ. ರಸ್ತೆಯ ಕಡೆ ತಿರುಗಿಯೂ ನೋಡಲಿಲ್ಲ. ಬೆಳಿಗ್ಗೆ ಎದ್ದಾಗ ಹೆಸರು ಬಾಯಿಗೆ ಬರುತ್ತದೆ ಅಂತ ಅವಳು ಮೈಯೆಲ್ಲ ಕಿವಿಯಾಗಿ ಕಾದಳು. "ಅಮ್ಮಾ, ಸ್ವಲ್ಪ ನೀರು ಕೊಡ್ತೀರಾ?" ಅಂದ.

ಭಾನುವಾರ ತಮ್ಮ ಗಾಡಿ ತಂದ. ಅಕ್ಕ ಬಟ್ಟೆ ಜೋಡಿಸಿರಲಿಲ್ಲ. ಸಂಜೆಯವರೆಗೂ ಇರು ಅಂದಳು. ಸಂಜೆ ಅವನನ್ನು ಬೆಂಚಿನ ಮೇಲೆ ಕೂರಿಸಿದಳು. ಅಪ್ಪ ರಮ್ಮಿನ ಬಾಟಲಿಯಿಂದ ಟೀ ಡಿಕಾಕ್ಷನ್ ಬಗ್ಗಿಸಿ, ಐಸು ಹಾಕಿ ಅವನ ಮುಂದಿಟ್ಟ. "ನಿಧಾನಕ್ಕೆ ತಗೊಳ್ಳಿ ಸಾರ್. ಗಾಡಿ ಓಡಿಸ್ಕೊಂಡು ಬಂದಿದ್ದೀರಿ."

ತಮ್ಮ ಗುಟುಕರಿಸಿದ. ಮುಖ ಕಿವುಚಿತು, ಕಹಿಗೋ ಯಾತಕ್ಕೋ. ಅಂಗಳಕ್ಕೆ ಬಂದ ಮೇಲೆ ಮೆಲ್ಲಗೆ ಅಂದ, "ನೀನು ಗೆದ್ದೆ ಬಿಡು ಅಕ್ಕ. ಅಪ್ಪ ಇಲ್ಲೇ ಇರ್ಲಿ. ಎಷ್ಟು ಖುಷಿಯಾಗಿದ್ದಾನೆ ನೋಡು."

"ಹೂಂ."

"ನಿನ್ನ ಗುರುತು ಹಿಡೀತಾನಾ?"

"ಹೋಗೋ ಸಾಕು, ಟ್ರಾಫಿಕ್ ಆಗತ್ತೆ," ಅಂದಳು.

ಆಮೇಲೆ ತಟ್ಟಿ ಬಿಚ್ಚಿಸುವ ಯೋಚನೆ ಅವಳಿಗೆ ಬರಲಿಲ್ಲ ಅಂತಲ್ಲ. ಕಿತ್ತರೆ ಹೆಸರು ಮರಳಿ ಬರುತ್ತದೋ ಏನೋ. ಚಪ್ಪಲಿಯೂ ಬರುತ್ತದೆ, ರಸ್ತೆಯೂ ಬರುತ್ತದೆ, ಗೇಟೂ ಬರುತ್ತದೆ. ಇಕ್ಕಳ ಡ್ರಾಯರಿನಲ್ಲೇ ಉಳಿಯಿತು. ಸಂಜೆ ಹೊಲಿಗೆ ಕೆಲಸವನ್ನು ಬೆಂಚಿಗೆ ತಂದುಕೊಂಡು, ಕಾಜು ಹಾಕುತ್ತ ಗಿರಾಕಿಯಾಗಿ ಕೂರುವುದು ಅವಳಿಗೆ ರೂಢಿಯಾಯಿತು. ಅಪ್ಪನಿಗೂ ಈ ಗಿರಾಕಿ ಹಿಡಿಸಿದ್ದಳು. ಸೋಡಾ ಬಿಟ್ಟು ಬೇರೇನೂ ಕುಡಿಯುವುದಿಲ್ಲ, ಗಲಾಟೆ ಇಲ್ಲ. ಅವಳ ಮುಂದೆ ಮಗಳ ಸುದ್ದಿ ಶುರು ಮಾಡುತ್ತಿದ್ದ. ಮೇಷ್ಟರಿಗೇ ಎದುರು ಮಾತಾಡುತ್ತಾಳಂತೆ. ಲೆಕ್ಕದಲ್ಲಿ ಚುರುಕಂತೆ. ಕ್ರೇಟಿನ ಮೇಲೆ ಅವಳಿಗೆ ಅಂತ ಒಂದು ಲಿಂಬು ಸೋಡಾ ಮಾಡಿಟ್ಟು, ಬಿಸಿಯಾಯಿತು ಅಂತ ಚೆಲ್ಲಿ, ಮತ್ತೊಂದು ಮಾಡಿಡುತ್ತಿದ್ದ.

ಒಂದು ಸಂಜೆ ಬಾಗಿಲ ಕಡೆ ತುಂಬ ಹೊತ್ತು ನೋಡಿದ. ಟವೆಲ್ಲು ಕೈಯಲ್ಲೇ ನಿಂತಿತು.

"ಇನ್ನೂ ಬಂದಿಲ್ಲ ನೋಡಿ," ಅಂದ. ದನಿ ಸ್ವಲ್ಪ ಒಡೆದಿತ್ತು.

"ಬರ್ತಾಳೆ ಬಿಡಿ. ದಾರೀಲಿ ಯಾರ ಜೊತೆನೋ ಜಗಳ ಆಡ್ತಿರ್ಬೇಕು."

ಅಪ್ಪ ಗಹಗಹಿಸಿ ನಕ್ಕ. "ಸರಿಯಾಗಿ ಹೇಳಿದ್ರಿ. ಭಾರಿ ಕೋಪ ಅವಳಿಗೆ. ಆದ್ರೆ ನಾನು ಒಂದ್ ಸಲ ಕರೆದ್ರೆ ಸಾಕು, ಎಲ್ಲಿದ್ರೂ ಓಡಿ ಬರ್ತಾಳೆ."

"ಹೌದಾ? ಕರೀರಿ ನೋಡೋಣ."

ಅಪ್ಪ ಎರಡೂ ಕೈ ಕೌಂಟರಿಗೆ ಊರಿ, ಅವಳ ತಲೆಯ ಮೇಲಿಂದ ಬಾಗಿಲ ಕಡೆಗೆ ಮುಖ ಎತ್ತಿ, ಕಡಲ ಗಾಳಿಯಲ್ಲಿ ಕೂಗುತ್ತಿದ್ದ ಹಳೆಯ ದನಿಯಲ್ಲಿ ಕೂಗಿದ.

"ಮೆಣಸಿನಕಾಯೀ..."

ಟೈಲರಕ್ಕ ಸೂಜಿಯನ್ನು ಬಟ್ಟೆಗೆ ಚುಚ್ಚಿದಳು. ಅವನಿಂದ ಒಂದು ಮೊಳ ದೂರದಲ್ಲಿ ಇದ್ದಳು. ತಲೆ ಬಗ್ಗಿಸಿಕೊಂಡೇ ಓಗೊಟ್ಟಳು.

"ಬಂದೇ ಅಪ್ಪಾ."

ಅಪ್ಪನ ಮುಖ ಅರಳಿತು. ಬಾಗಿಲಿಂದ ಕಣ್ಣು ಕೀಳದೆ, ಅವಳ ಕಡೆ ಬಗ್ಗಿ, ಗುಟ್ಟು ಹೇಳುವವನ ಹಾಗೆ ಅಂದ.

"ಕೇಳಿಸ್ತಾ ಅಮ್ಮ? ಬರ್ತಿದ್ದಾಳೆ."